ಬಾಟಲಿಯ ತಳದ ಗೆರೆ

ಸಿಂಧನೂರಿನಲ್ಲಿ ನೀರನ್ನು ವೈರಿ ಎಂದು ತಿಳಿದು ಬದುಕುತ್ತಿರುವ ಒಬ್ಬನೇ ಒಬ್ಬ ಮನುಷ್ಯನಿದ್ದಾನೆ. ಅವನು ನನ್ನ ಸೋದರಮಾವ!

ಇದು ಸಣ್ಣ ಮಾತಲ್ಲ. ಕಾಲುವೆ ನೀರಿಲ್ಲದಿದ್ದರೆ ನಮ್ಮೂರಿಗೆ ಭತ್ತವಿಲ್ಲ, ರೈಸ್ ಮಿಲ್ಲಿಲ್ಲ, ಸಂತೆಯಲ್ಲಿ ಸದ್ದಿಲ್ಲ. ಕಾಲುವೆಗೆ ನೀರು ಬಿಡುವ ದಿನ ಹತ್ತಿರವಾದರೆ ಚಹಾದಂಗಡಿಯಲ್ಲಿ ಕುಳಿತ ತುರ್ವಿಹಾಳದವರು, ಸಾಲಗುಂದದವರು ಒಬ್ಬರನ್ನೊಬ್ಬರು ಕೇಳುವುದು ಒಂದೇ ಮಾತು: "ನೀರು ಬಂತೇನ್ರೀ?" ಅದೇ ಅಂಗಡಿಯ ಮುಂದೆ ಸಾಲಾಗಿ ನಿಂತ ಮೋಟರ್‌ಸೈಕಲ್ಲುಗಳ ನಡುವೆ ಕುಕ್ಕರಗಾಲಿನಲ್ಲಿ ಕುಳಿತ ಮಾಮಾ, ಒಂದು ಗಾಜಿನ ಬಾಟಲಿಯನ್ನು ಸೂರ್ಯನ ಕಡೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿ, "ಇಲ್ಲ, ನೀರು ಬಂದಿಲ್ಲ! ದೇವರು ದೊಡ್ಡಾವ!" ಎಂದು ಖುಷಿಯಿಂದ ಕೂಗುತ್ತಾನೆ. ಹೊಸದಾಗಿ ಬಂದ ರೈತರಿಗೆ ಚಹಾ ಗಂಟಲಲ್ಲೇ ನಿಲ್ಲುತ್ತದೆ. ಹಳಬರು ಅವರ ಬೆನ್ನು ತಟ್ಟಿ, "ಅಂವಾ ಪೆಟ್ರೋಲಿಂದು ಹೇಳಾಕತ್ತಾನ, ನೀ ಚಾ ಕುಡಿ" ಎನ್ನುತ್ತಾರೆ.

ಮಾಮಾನ ಹೆಸರನ್ನು ಮಾತ್ರ ಹೇಳುವುದಿಲ್ಲ. ಹೇಳಿದರೆ ನೀವು ವಿಚಾರಿಸಿಕೊಂಡು ಬರುತ್ತೀರಿ, ಬರುವಾಗ ಗಾಡಿ ತರುತ್ತೀರಿ, ಆಮೇಲೆ ಮನೆಗೆ ಹೋಗುವುದು ತಡವಾಯಿತೆಂದು ನನ್ನನ್ನು ಬೈಯುತ್ತೀರಿ. ನನಗೇಕೆ ಬೇಕು?

ಮಾಮಾ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ದೂರದ ಊರೊಂದರ ವಿಮಾನ ತರಬೇತಿ ಕ್ಲಬ್ಬಿನಲ್ಲಿ ಮೆಕ್ಯಾನಿಕ್ ಆಗಿದ್ದ. ದೊಡ್ಡ ವಿಮಾನಗಳಲ್ಲ, ಮೂಗಿಗೆ ಒಂದೇ ಪಂಖಾ ಇರುವ, ಇಬ್ಬರು ಒತ್ತೊತ್ತಾಗಿ ಕೂಡುವ ಪುಟ್ಟ ವಿಮಾನಗಳು. ಅವುಗಳ ಎಂಜಿನ್ ನಮ್ಮ ಮೋಟರ್‌ಸೈಕಲ್ಲಿನ ಎಂಜಿನ್ನಿಗೆ ದೊಡ್ಡಣ್ಣ. ಅಲ್ಲಿಯೂ ಪಿಸ್ಟನ್ನು, ಅಲ್ಲಿಯೂ ಪ್ಲಗ್ಗು, ಅಲ್ಲಿಯೂ ಪೆಟ್ರೋಲು. ಆದರೆ ಆ ಪೆಟ್ರೋಲು ನೀಲಿ ಬಣ್ಣದ್ದಂತೆ. "ನಮ್ಮ ಎಣ್ಣಿ ಆಕಾಶದ ಬಣ್ಣದ್ದು" ಎಂದು ಮಾಮಾ ಹೇಳುವಾಗ ಅವನ ಎದೆ ಎರಡು ಇಂಚು ಅಗಲವಾಗುತ್ತದೆ. ಅಷ್ಟು ವರ್ಷದಲ್ಲಿ ಅವನು ಹಾರಿದ್ದು ಮಾತ್ರ ಮೂರೇ ಸಲ. ಮೂರೂ ಸಲ ಕಣ್ಣು ಮುಚ್ಚಿಕೊಂಡು ಎಂಜಿನ್ನಿನ ಸದ್ದು ಕೇಳಿಸಿಕೊಂಡು ಇಳಿದು ಬಂದಿದ್ದಾನೆ! "ಮ್ಯಾಲಿಂದ ಊರು ಹ್ಯಾಂಗ ಕಾಣತೈತಿ ಮಾಮಾ?" ಎಂದು ಚಿಕ್ಕವಳಿದ್ದಾಗ ಕೇಳಿದರೆ, "ಊರು ನೋಡಾಕ ಪುರಸೊತ್ತು ಎಲ್ಲಿತ್ತಬೇ? ಮೂರನೇ ಸಿಲಿಂಡರ್ ಗೊಣಗುಡಾಕತ್ತಿತ್ತು" ಎಂದಿದ್ದ.

ಅಲ್ಲಿ ಅವನ ದಿನ ಆರಂಭವಾಗುತ್ತಿದ್ದದ್ದು ಬಾಟಲಿಯಿಂದ. ವಿಮಾನ ಏಳುವ ಮೊದಲು ಟ್ಯಾಂಕಿನ ತಳದಿಂದ ಸ್ವಲ್ಪ ಪೆಟ್ರೋಲನ್ನು ಗಾಜಿನ ಬಾಟಲಿಗೆ ಬಸಿದು ನೋಡಬೇಕು. ನೀರು ಸೇರಿದ್ದರೆ ಅದು ಭಾರವಾಗಿ ತಳಕ್ಕಿಳಿಯುತ್ತದೆ, ಪೆಟ್ರೋಲು ಮೇಲೆ ನಿಲ್ಲುತ್ತದೆ, ಎರಡರ ನಡುವೆ ಒಂದು ಗೆರೆ ಮೂಡುತ್ತದೆ. ಗೆರೆ ಕಂಡರೆ ವಿಮಾನ ಏಳುವಂತಿಲ್ಲ. ನಿವೃತ್ತನಾಗಿ ಸಿಂಧನೂರಿಗೆ ಬಂದಾಗ ಮಾಮಾ ವಿಮಾನ ಬಿಟ್ಟು ಬಂದ, ಬಾಟಲಿ ಬಿಟ್ಟು ಬರಲಿಲ್ಲ. ನಮ್ಮೂರಲ್ಲಿ ವಿಮಾನ ಎಲ್ಲಿಂದ ಬರಬೇಕು? ಹಾಗಾಗಿ ಓಣಿಯ ಗಾಡಿಗಳೆಲ್ಲ ಅವನ ಪಾಲಿಗೆ ವಿಮಾನಗಳಾದವು. ಹಾಲಿನವನ ಮೊಪೆಡ್ಡು, ಎದುರುಮನೆ ಮೇಷ್ಟ್ರ ಸ್ಕೂಟರು, ಬಸ್‌ಸ್ಟ್ಯಾಂಡಿನ ಆಟೋ, ಒಂದನ್ನೂ ಬಿಡಲಿಲ್ಲ.

"ಮಾಮಾ, ಬಿಡು, ಸಾಲಿಗೆ ಹೊತ್ತಾತು" ಎಂದು ನಾನು ಸ್ಕೂಟರಿನ ಮೇಲೆ ಕುಳಿತು ಅಂಗಲಾಚುತ್ತಿದ್ದೆ. ನಾನು ಮಸ್ಕಿಯ ಶಾಲೆಯಲ್ಲಿ ಶಿಕ್ಷಕಿ. ದಿನಾ ಬಸ್‌ಸ್ಟ್ಯಾಂಡಿನವರೆಗೆ ಸ್ಕೂಟರು, ಅಲ್ಲಿಂದ ಬಸ್ಸು.

"ಮ್ಯಾಲ ಹೋದಮ್ಯಾಲ ಬಂದ್ ಬಿದ್ರ? ಇಳಿದು ನೂಕಾಕ ಬರತೈತೇನು?"

"ಇದು ಸ್ಕೂಟರ್ ಮಾಮಾ! ಮ್ಯಾಲ ಎಲ್ಲಿಗೆ ಹೋಗ್ಲಿ? ಬಸ್‌ಸ್ಟ್ಯಾಂಡಿಗೆ ಹೊಂಟೀನಿ!"

"ಎಲ್ಲಿಗರ ಹೋಗು. ನೋಡಿ ಹೋಗು."

ನೋಡುವುದೂ ಒಂದು ಸಲ ಅಲ್ಲ. ಮೊದಲು ಬಾಟಲಿಯನ್ನು ಬೆಳಕಿಗೆ ಹಿಡಿದು ಗೆರೆ ಹುಡುಕಬೇಕು. ಆಮೇಲೆ ಬಾಟಲಿಯ ತಳದಿಂದ ಒಂದು ಹನಿ ತೆಗೆದು ನಿಮ್ಮ ಅಂಗೈ ಹಿಂಭಾಗಕ್ಕೆ ಬಿಡುತ್ತಾನೆ. ಪೆಟ್ರೋಲಾದರೆ ತಣ್ಣಗೆ ಮುಟ್ಟಿ ನೋಡುತ್ತಿದ್ದಂತೆ ಆರಿಹೋಗುತ್ತದೆ. ನೀರಾದರೆ ಕೂತೇ ಇರುತ್ತದೆ. ಗೆರೆ ಇಲ್ಲವೆಂದು ಖಾತ್ರಿಯಾದ ಮೇಲೂ ಈ ಹನಿಯ ಶಾಸ್ತ್ರ ಯಾಕೆ ಎಂದು ಕೇಳಿದರೆ, "ಕಣ್ಣಿನ ಮ್ಯಾಲ ನನಗ ಭರೋಸ ಇಲ್ಲವಾ" ಎಂದಷ್ಟೇ ಹೇಳಿ ಮಾತು ತಿರುಗಿಸುತ್ತಿದ್ದ. ಹೀಗಾಗಿ ಎಷ್ಟೋ ವರ್ಷ ನಾನು ಮಕ್ಕಳಿಗೆ ಪಾಠ ಹೇಳಿದ್ದು ಪೆಟ್ರೋಲು ವಾಸನೆಯ ಕೈಯಿಂದ.

ಇನ್ನು ಅವನ ಎರಡನೆಯ ಹುಚ್ಚು ಹದ. ಎಂಜಿನ್ನಿಗೆ ಬರೀ ಪೆಟ್ರೋಲು ಕೊಟ್ಟರೆ ಸಾಲದು, ಅದಕ್ಕೆ ತಕ್ಕ ಗಾಳಿಯನ್ನೂ ಬೆರೆಸಿ ಕೊಡಬೇಕಲ್ಲ, ಆ ಹದ. ಇದನ್ನು ಅವನು ಮೊದಲು ವಿವರಿಸಿದ್ದು ನಮ್ಮ ಅತ್ತೆಗೆ, ಅಂದರೆ ಅವನ ಹೆಂಡತಿಗೆ, ಮದುವೆಯಾದ ಮೂರನೆಯ ದಿನ. ಅತ್ತೆ ಇವತ್ತಿಗೂ ಅದನ್ನು ಕಣ್ಣಲ್ಲಿ ನೀರು ಬರುವಷ್ಟು ನಗುತ್ತ ಹೇಳುತ್ತಾಳೆ.

"ವಿಮಾನದಾಗ ಒಂದು ಕೆಂಪು ಗುಂಡಿ ಇರತೈತಿ" ಎಂದು ಶುರು ಮಾಡಿದನಂತೆ. "ಮ್ಯಾಲ ಹೋದಂಗ ಗಾಳಿ ತೆಳ್ಳಗಾಗತೈತಿ. ನೀ ಎಣ್ಣಿ ಮಾತ್ರ ಕೆಳಗ ಕೊಟ್ಟಷ್ಟ ಕೊಟ್ರ ಎಂಜಿನ್‌ಗೆ ಅಜೀರ್ಣ. ಮಸಿ ಹಿಡೀತೈತಿ, ಕೆಮ್ಮತೈತಿ. ಅದಕ್ಕ ಕೆಂಪು ಗುಂಡಿ ಸಾವಕಾಶ ಎಳೀಬೇಕು. ಎಳಕೋತ ಹೋದ್ರ ಎಂಜಿನ್ ಒಮ್ಮಿ ನಡಗತೈತಿ. ಅಲ್ಲಿಗೆ ನಿಲ್ಲಿಸಿ ಒಂದೀಟು ಹಿಂದಕ್ಕ ಒತ್ತಬೇಕು. ಅದ ನೋಡು ಹದ!"

"ಜಾಸ್ತಿ ಎಳದ್ರ ಏನಾಗತೈತ್ರಿ?" ಎಂದಳಂತೆ ಹೊಸ ಮದುವಣಗಿತ್ತಿ, ಏನಾದರೂ ಕೇಳಬೇಕಲ್ಲ ಎಂದು.

"ಎಂಜಿನ್ ಕಾಯ್ತೈತಿ. ಆಮ್ಯಾಲ ಉಪಾಸ ಬಿದ್ದು ನಿಂತಬಿಡತೈತಿ."

ಅಂದಿನಿಂದ ಅತ್ತೆಯ ಅಡುಗೆಮನೆಯಲ್ಲಿ ನೆಮ್ಮದಿ ಇಲ್ಲ. ಗ್ಯಾಸಿನ ಉರಿ ಸ್ವಲ್ಪ ಹಳದಿಯಾದರೂ ಮಾಮಾ ಪಡಸಾಲೆಯಿಂದ ಓಡಿ ಬರುತ್ತಾನೆ. "ಎಣ್ಣಿ ಜಾಸ್ತಿ, ಗಾಳಿ ಕಮ್ಮಿ!" ಎಂದು ಒಲೆಯನ್ನು ಮಗುಚಿ, ಗಾಳಿ ಬರುವ ಬಿಲ್ಲೆಯನ್ನು ಕೂದಲೆಳೆಯಷ್ಟು ತಿರುಗಿಸಿ, ನೀಲಿ ಉರಿ ಬರುವವರೆಗೆ ಎದ್ದೇಳುವುದಿಲ್ಲ. ಅಷ್ಟರಲ್ಲಿ ಒಗ್ಗರಣೆ ಸೀದು ಕರಕಲು. ಬರಬರುತ್ತ ಮನುಷ್ಯರಿಗೂ ಈ ಹದ ಹಚ್ಚಲು ಶುರು ಮಾಡಿದ. ರಾಜಕೀಯ ಮಾತನಾಡುವ ನಮ್ಮ ಅಪ್ಪ "ಗಾಳಿ ಜಾಸ್ತಿ". ಬಂದವರಿಗೆಲ್ಲ ನಾಲ್ಕನೆಯ ರೊಟ್ಟಿ ಬಡಿಸುವ ನಮ್ಮ ಅವ್ವ "ಎಣ್ಣಿ ಜಾಸ್ತಿ". ಒಂದು ದಿನ ಅತ್ತೆಗೆ ತಡೆಯಲಾಗಲಿಲ್ಲ.

"ನಿಮ್ಮ ಕೆಂಪು ಗುಂಡಿ ಎಲ್ಲೈತಿ ಅಷ್ಟು ತೋರಸ್ರಿ" ಎಂದಳು. "ನಾನೂ ಒಂದೀಟು ಎಳದು ನೋಡತೀನಿ!"

ಮಾಮಾ ಎರಡು ದಿನ ಯಾರ ಹದವನ್ನೂ ನೋಡಲಿಲ್ಲ.

ಇಂಥವನು ನನ್ನನ್ನು ನೋಡಲು ಬಂದ ಗಂಡನ್ನು ಸುಮ್ಮನೆ ಬಿಡುತ್ತಾನೆಯೇ? ಹುಡುಗ ಲಿಂಗಸುಗೂರಿನವನು, ಅಲ್ಲಿಯೇ ಕಾಲೇಜಿನಲ್ಲಿ ಪಾಠ ಹೇಳುತ್ತಾನೆ. ತಂದೆ ತಾಯಿ ಕಾರಿನಲ್ಲಿ ಬಂದರು, ಇವನು ತನ್ನ ಹಳೆಯ ಮೋಟರ್‌ಸೈಕಲ್ಲಿನಲ್ಲಿ ಬಂದ. ಒಳಗೆ ಎಲ್ಲರೂ ಉಪ್ಪಿಟ್ಟು ತಿನ್ನುತ್ತಿದ್ದಾಗ ಹುಡುಗನ ಅಪ್ಪ, "ಹುಡುಗಿ ಸೋದರಮಾವ ಎಲ್ಲಿ ಕಾಣಂಗಿಲ್ಲಲ್ಲ?" ಎಂದರು. ನಾನು ಕಿಟಕಿಯಿಂದ ನೋಡಿದೆ. ಮಾಮಾ ಅಂಗಳದಲ್ಲಿ ಹುಡುಗನ ಗಾಡಿಯ ಪ್ಲಗ್ಗು ಬಿಚ್ಚಿ ಕೈಯಲ್ಲಿ ಹಿಡಿದು ಕುಳಿತಿದ್ದ!

ಹುಡುಗ ಎದ್ದು ಹೊರಗೆ ಹೋದ. ಇವನೂ ಓಡಿಹೋದನೆಂದೇ ತಿಳಿದೆ. ಆದರೆ ಅವನು ಇಸ್ತ್ರಿ ಮಾಡಿದ ಬಿಳಿ ಪ್ಯಾಂಟಿನಲ್ಲೇ ಮಾಮಾನ ಪಕ್ಕ ಮಣ್ಣಿನಲ್ಲಿ ಕುಳಿತು, ತನ್ನ ಕರವಸ್ತ್ರ ಕೊಟ್ಟು, "ಏನ್ ನೋಡಾಕತ್ತೀರಿ ಮಾಮಾರ?" ಎಂದ.

"ಪ್ಲಗ್ಗು ಕರ್ರಗಿದ್ರ ಎಣ್ಣಿ ಜಾಸ್ತಿ. ಬೆಳ್ಳಗಿದ್ರ ಗಾಳಿ ಜಾಸ್ತಿ, ಕಾಯ್ಸಿ ಓಡ್ಸತಾನ ಅಂತ ಅರ್ಥ. ನಿಂದು ಬಿಸ್ಕೀಟಿನ ಬಣ್ಣ ಐತಿ."

"ಹಂಗಂದ್ರ ಚಲೋನ್ರಿ? ವಿಮಾನದಾಗೂ ಹಿಂಗ ನೋಡ್ತಾರೇನ್ರಿ?"

ಆ ಪ್ರಶ್ನೆ! ನಮ್ಮ ಮನೆಯಲ್ಲಿ ಮಾಮಾನಿಗೆ ವಿಮಾನದ ಬಗ್ಗೆ ಯಾರೂ ಪ್ರಶ್ನೆ ಕೇಳುವುದೇ ಇಲ್ಲ. ಕೇಳದಿದ್ದರೇ ಮುಕ್ಕಾಲು ಗಂಟೆ ಹೇಳುತ್ತಾನೆ, ಕೇಳಿದರೆ ಗತಿ ಏನು? ಇವನು ಕೇಳಿದ, ಮೇಲಾಗಿ ಉತ್ತರವನ್ನು ಪೂರಾ ಕೂತು ಕೇಳಿಸಿಕೊಂಡ. ಕಿಟಕಿಯ ಸರಳು ಹಿಡಿದು ನಿಂತ ನನಗೆ ಅಲ್ಲಿಯೇ ಹುಡುಗ ಹಿಡಿಸಿಬಿಟ್ಟ. ಮುಚ್ಚಿಟ್ಟು ಏನಾಗಬೇಕು, ಚೆನ್ನಾಗಿಯೇ ಹಿಡಿಸಿದ.

ಮಾಮಾ ಮಸಿಗೈಯಲ್ಲಿ ಪ್ಲಗ್ಗು ಹಿಡಿದುಕೊಂಡೇ ಒಳಗೆ ಬಂದು, ಎಲ್ಲರ ಮುಂದೆ, "ಜಾತಕ ಗೀತಕ ಏನೂ ಬ್ಯಾಡ. ಹುಡುಗನ ಹದ ಬರೋಬ್ಬರಿ ಐತಿ. ಈ ಸಂಬಂಧ ಮಾಡ್ರಿ" ಎಂದು ತೀರ್ಪು ಕೊಟ್ಟ. ಹುಡುಗನ ಅಪ್ಪ ಹೊಟ್ಟೆ ಕುಣಿಸಿ ನಕ್ಕರು. ಹೋಗುವಾಗ, "ನೀವು ನಮ್ಮ ಮನಿಗೆ ಬರ್ರಿ. ನಿಮಗ ಭಾಳ ಸೇರತೈತಿ. ನಮ್ಮದು ಪೆಟ್ರೋಲ್ ಬಂಕ್ ಐತಿ" ಎಂದರು.

ನಮ್ಮ ಮನೆಯವರ ಮುಖ ಒಟ್ಟಿಗೆ ಬಾಡಿದ್ದನ್ನು ನೀವು ನೋಡಬೇಕಿತ್ತು. ಮಾಮಾನ ಮುಖ ಮಾತ್ರ ಹೊಳೆಯುತ್ತಿತ್ತು.

ಮುಂದಿನ ಪ್ರಸಂಗ ನಾನು ಕಣ್ಣಾರೆ ಕಂಡದ್ದಲ್ಲ. ಗಂಡಿನ ಮನೆ ನೋಡಿ ಬರಲು ಹೋದವರು ನಾಲ್ಕು ಜನ, ಬಂದು ಹೇಳಿದ್ದು ನಾಲ್ಕು ಥರ. ಅಪ್ಪ ಅವ್ವ ಬಸ್ಸಿನಲ್ಲಿ ಹೊರಟರು. ಮಾಮಾ ಅತ್ತೆಯನ್ನು ಮೋಟರ್‌ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಹೊರಟ. ದಾರಿಯಲ್ಲಿ ಮಸ್ಕಿ ಬಂತು. ಒಳ್ಳೆಯ ಕೆಲಸಕ್ಕೆ ಹೋಗುವಾಗ ಮಲ್ಲಯ್ಯನಿಗೆ ಕೈಮುಗಿಯದೆ ಹೋಗುವುದುಂಟೇ? ಅತ್ತೆ ಗುಡ್ಡ ಹತ್ತಿದಳು. ಮಾಮಾ ಕೆಳಗೆ ಗಾಡಿಯ ಚೈನಿಗೆ ಎಣ್ಣೆ ಬಿಡುತ್ತ ಕುಳಿತ. ಬೀಗರ ಮನೆಗೆ ತೀರ್ಥ ಒಯ್ಯಬೇಕೆಂದು ಗುಡಿಯಲ್ಲಿ ನಿಂತಾಗ ಅತ್ತೆಗೆ ಹೊಳೆಯಿತು. ಮನೆಯಿಂದ ಗಿಂಡಿ ತಂದಿಲ್ಲ! ಹೆಗಲ ಚೀಲದಲ್ಲಿ ಕೈಯಾಡಿಸಿದರೆ, ಹೊರಡುವಾಗ ಮಾಮಾ ಅದರೊಳಗೆ ತುರುಕಿದ್ದ ಸ್ವಚ್ಛವಾದ, ಒಣಗಿದ, ಮುಚ್ಚಳವಿರುವ ಗಾಜಿನ ಬಾಟಲಿ ಸಿಕ್ಕಿತು. ಅದರಲ್ಲಿ ಎರಡು ಬೆರಳಿನಷ್ಟು ತೀರ್ಥ ಹಾಕಿಸಿಕೊಂಡಳು. ಚೀಲದಲ್ಲಿಟ್ಟಳು. ಹೇಳಬೇಕೆಂದುಕೊಂಡಳು, ಇಳಿಯುವಷ್ಟರಲ್ಲಿ ಮರೆತಳು.

ಲಿಂಗಸುಗೂರಿನಲ್ಲಿ ಬಂಕಿನ ಹಿಂದೆಯೇ ಬೀಗರ ಮನೆ. ಅತ್ತೆ ಅವಸರವಾಗಿ ಒಳಗೆ ಹೋದಳು, ಚೀಲವನ್ನು ಗಾಡಿಗೆ ನೇತುಹಾಕಿ. ಮಾಮಾ ಬೀಗರಿಗೆ ಮರ್ಯಾದೆ ಕೊಡಬೇಕೆಂದು ಅವರ ಬಂಕಿನಲ್ಲೇ ಟ್ಯಾಂಕು ತುಂಬಿಸಿದ. ತುಂಬಿಸಿದವನು ಸುಮ್ಮನಿರಬಹುದಿತ್ತಲ್ಲ! ಚೀಲದಿಂದ ಬಾಟಲಿ ತೆಗೆದ. ಲೋಕದಲ್ಲಿ ಮಾಮಾ ಪರೀಕ್ಷೆ ಮಾಡದೆ ನಂಬುವ ವಸ್ತು ಒಂದೇ, ಅವನ ಸ್ವಂತ ಬಾಟಲಿ. ಅದು ಯಾವಾಗಲೂ ಒಣಗಿರುತ್ತದೆ ಎಂಬ ನಂಬಿಕೆಯಲ್ಲಿ ಅದರ ಕಡೆ ನೋಡದೆ, ಕಣ್ಣನ್ನು ಪೈಪಿನ ಮೇಲಿಟ್ಟು ಪೆಟ್ರೋಲು ಬಸಿದ. ಆಮೇಲೆ ಬೆಳಕಿಗೆ ಹಿಡಿದ. ತಳದಲ್ಲಿ ಎರಡು ಬೆರಳು ನೀರು! ನಡುವೆ ಸ್ಕೇಲಿಟ್ಟು ಎಳೆದಂಥ ಗೆರೆ!

"ನಿಲ್ಲಸ್ರೀ! ಯಾರೂ ಹಾಕಿಸ್ಕೋಬ್ಯಾಡ್ರೀ! ನೀರು ಐತಿ!"

ಸಾಲಿನಲ್ಲಿದ್ದ ಗಾಡಿಗಳೆಲ್ಲ ನಿಂತವು. ಪೆಟ್ರೋಲು ಹಾಕುತ್ತಿದ್ದ ಹೆಣ್ಣುಮಗಳು ಪೈಪು ಹಿಡಿದುಕೊಂಡೇ ಬೀಗರನ್ನು ಕೂಗಿದಳು. ಬೀಗರು ಬಂದರು. ಅಳತೆ ಜಾಡಿ ತರಿಸಿದರು, ತೂಕ ನೋಡಿಸಿದರು, ಫಿಲ್ಟರ್ ಪೇಪರಿನ ಮೇಲೆ ಹನಿ ಹಾಕಿ ತೋರಿಸಿದರು. ಎಲ್ಲವೂ ಸರಿಯಾಗಿತ್ತು. ಮಾಮಾ ಬಾಟಲಿ ಎತ್ತಿ ಹಿಡಿದು, "ನಿಮ್ಮ ಕಾಗದ ಸುಳ್ಳು ಹೇಳಬೌದು ಬೀಗರ, ಗೆರಿ ಸುಳ್ಳು ಹೇಳಂಗಿಲ್ಲ" ಎಂದ. ಇಪ್ಪತ್ತು ಜನ ಸೇರಿದರು. ಆಗ ಅತ್ತೆ ಒಳಗಿಂದ ಬಂದು ಬಾಟಲಿ ನೋಡಿ ಎದೆಯ ಮೇಲೆ ಕೈಯಿಟ್ಟುಕೊಂಡಳು.

"ಅಯ್ಯ ಶಿವನ! ಮಲ್ಲಯ್ಯನ ತೀರ್ಥಕ್ಕ ಪೆಟ್ರೋಲ್ ಯಾಕ ಹಾಕೀರಿ?"

ನೆರೆದವರು ಬಿದ್ದು ಬಿದ್ದು ನಕ್ಕರು. ಒಬ್ಬ ಆಟೋದವನಂತೂ ಬಾಟಲಿಗೆ ಕೈಮುಗಿದ. ನಗದೇ ಇದ್ದವರು ಇಬ್ಬರೇ. ಒಬ್ಬ ಮಾಮಾ. ಇನ್ನೊಬ್ಬರು ಬೀಗರು. ತಮ್ಮ ಬಂಕಿನಲ್ಲಿ, ತಮ್ಮ ಗಿರಾಕಿಗಳ ಮುಂದೆ, ತಮ್ಮ ಇಜ್ಜತ್ತು ಹೋಯಿತೆಂದು ಅವರ ಕಿವಿ ಕೆಂಪಾಗಿತ್ತು. ಅಪ್ಪ ಅವ್ವ ಬಂದಾಗ ಚಹಾ ಕೊಟ್ಟರು. "ಮನ್ಯಾಗ ವಿಚಾರ ಮಾಡಿ ಹೇಳಿಕಳಿಸ್ತೀವ್ರಿ" ಎಂದರು. ನಮ್ಮ ಕಡೆ ಈ ಮಾತಿಗೆ ಅರ್ಥ ಏನೆಂದು ಹೆಣ್ಣು ಹೆತ್ತವರಿಗೆಲ್ಲ ಗೊತ್ತು.

ಅವತ್ತು ಶಾಲೆ ಬಿಡುವ ಹೊತ್ತಿಗೆ ಶಾಲೆಯ ಅಂಗಳದ ಬೇವಿನ ಮರದ ಕೆಳಗೆ ಮಾಮಾನ ಗಾಡಿ ನಿಂತಿತ್ತು. ಅತ್ತೆಯನ್ನು ಅಪ್ಪ ಅವ್ವನ ಜೊತೆ ಬಸ್ಸಿಗೆ ಹತ್ತಿಸಿ ಒಬ್ಬನೇ ನನ್ನ ಹತ್ತಿರ ಬಂದಿದ್ದ. ನಡೆದದ್ದನ್ನೆಲ್ಲ ತಾನೇ ಹೇಳಿದ, ಒಂದು ಅಕ್ಷರ ಮುಚ್ಚಿಡದೆ. ನನಗೆ ಸಿಟ್ಟು ಬಂತು. ಬರದೆ ಏನು? ಹಿಡಿಸಿದ ಹುಡುಗ ಒಂದು ಬಾಟಲಿಗಾಗಿ ಕೈತಪ್ಪುವುದೆಂದರೆ!

"ಹೋಗಲಿ, ಮನ್ಯಾಗ ಒಂದು ಗಾಡಿ ಆತು, ಎರಡು ಗಾಡಿ ಆತು. ಊರಾಗಿಂದೆಲ್ಲ ಯಾಕ ಬೇಕಿತ್ತು ನಿನಗ?" ಎಂದು ಬೈದೆ. ಜೀವನದಲ್ಲಿ ಮೊದಲ ಸಲ ಅವನಿಗೆ ಬೈದದ್ದು.

ಮಾಮಾ ಮರದ ಬೇರಿನ ಮೇಲೆ ಕುಳಿತ. ಆಮೇಲೆ ಯಾರಿಗೂ ಹೇಳದ ಮಾತು ಹೇಳಿದ.

"ನೌಕರಿ ಸೇರಿದ ಹೊಸದರಾಗ, ಒಂದಿನ ರಾತ್ರೆಲ್ಲ ಮಳಿ ಆಗಿತ್ತು. ಟ್ಯಾಂಕಿನ ಮುಚ್ಚಳ ಸಡಿಲಿತ್ತು, ನೀರಿಳಿದಿತ್ತು, ನನಗ ಗೊತ್ತಿಲ್ಲ. ನಸುಕಿನ್ಯಾಗ ಬಾಟ್ಲಿ ತುಂಬಿ ನೋಡಿದೆ. ಗೆರಿ ಇದ್ದಿಲ್ಲ. ಚಲೋ ಐತಿ ಅಂತ ಸೈ ಮಾಡಿದೆ. ಪೂರಾ ನೀರೇ ಇದ್ರ ಗೆರಿ ಎಲ್ಲಿಂದ ಬರಬೇಕು? ಬಣ್ಣ ನೋಡಬೇಕಿತ್ತು, ಆ ಕತ್ತಲದಾಗ ನೀಲಿ ಯಾವುದು ನೀರು ಯಾವುದು? ಬಾಟ್ಲಿ ತುಂಬಾ ನೀರು ಹಿಡಕೊಂಡು ನಾ ಎಣ್ಣಿ ಅಂದೆ."

ನಾನೂ ಪಕ್ಕದ ಬೇರಿನ ಮೇಲೆ ಕುಳಿತೆ.

"ಕಲಿಯಾಕ ಬಂದ ಹುಡುಗಿ, ಒಬ್ಬಾಕಿನ ಹಾರಿಸ್ಕೊಂಡು ಹೋದ್ಲು. ನಿನ್ನಷ್ಟ ಇದ್ಲು. ಪೈಪಿನ್ಯಾಗಿದ್ದ ಎಣ್ಣಿ ಮುಗಿಯೂತನಕ ಓಡಿತು, ಮ್ಯಾಲ ಹೋಗಿ ಬಂದ್ ಬಿತ್ತು. ಪುಣ್ಯಾಕ ಶಾಣ್ಯಾ ಇದ್ಲು, ಶೇಂಗಾ ಹೊಲದಾಗ ಇಳಿಸಿದ್ಲು. ಯಾರದೋ ಟ್ರ್ಯಾಕ್ಟರಿನ್ಯಾಗ ಕುಂತು ವಾಪಸ್ ಬಂದ್ಲು, ಶೇಂಗಾ ತಿನಕೋತ. ನನಗ ಬೈಲಿಲ್ಲವಾ ಆಕಿ. ಒಂದು ಬೊಗಸಿ ಶೇಂಗಾ ನನ್ನ ಕೈಯಾಗ ಹಾಕಿದ್ಲು, ಒಳಗ ಹೋದ್ಲು. ಬೈದಿದ್ರ ಮರೀತಿದ್ನೋ ಏನೋ."

ಅಂದಿನಿಂದಲೇ ಅಂಗೈ ಹಿಂಭಾಗದ ಹನಿ. ಅಂದಿನಿಂದಲೇ ಕಣ್ಣಿನ ಮೇಲೆ ಭರೋಸ ಇಲ್ಲದ್ದು. ಇಷ್ಟು ವರ್ಷ ನಾವು ನಕ್ಕದ್ದು ಇದಕ್ಕೆ! ನನ್ನ ಸಿಟ್ಟು ಎಲ್ಲಿ ಹೋಯಿತೋ ತಿಳಿಯಲಿಲ್ಲ. ಆದರೂ ಮದುವೆಯ ಆಸೆ ಮಾತ್ರ ಅಲ್ಲಿಯೇ ಇತ್ತು.

ಮಾಮಾ ಎದ್ದು ಮಣ್ಣು ಕೊಡವಿಕೊಂಡು, "ಕೆಡಿಸಿದಾಂವ ನಾ. ಸರಿ ಮಾಡಾಂವನೂ ನಾನ" ಎಂದು ಗಾಡಿ ಹತ್ತಿದ.

ಮರುದಿನ ಅವನು ಮಾಡಿದ್ದನ್ನು ಲಿಂಗಸುಗೂರಿನವರು ಇನ್ನೂ ಹೇಳಿಕೊಂಡು ನಗುತ್ತಾರೆ. ಬೆಳಿಗ್ಗೆ ಬಂಕು ತೆರೆಯುವ ಹೊತ್ತಿಗೇ ಹೋಗಿ ಕಂಬದ ಪಕ್ಕ ನಿಂತ. ಬಂದ ಪ್ರತಿಯೊಂದು ಗಾಡಿಗೂ ಅಡ್ಡ ಹೋಗಿ ಕೈಮುಗಿದು, "ನಿನ್ನೆ ನೀರು ಐತಿ ಅಂದಾಂವ ನಾನ ರೀ. ಬಂಕಿನ್ಯಾಗ ತಪ್ಪಿಲ್ಲ, ನನ್ನ ಬಾಟ್ಲ್ಯಾಗ ತಪ್ಪಿತ್ತು. ಧೈರ್ಯಲೆ ಹಾಕಿಸ್ಕೋರಿ" ಎಂದು ಹೇಳಿದ. ಸೈಕಲ್ಲಿನಲ್ಲಿ ಗಾಳಿ ತುಂಬಿಸಲು ಬಂದವರಿಗೂ ಹೇಳಿದ! ಹಿಂದಿನ ದಿನದ ಸುದ್ದಿ ಗೊತ್ತಿಲ್ಲದವರು ಗಾಬರಿಯಾಗಿ, "ಏನು, ನೀರಿತ್ತಾ?" ಎಂದು ಕೇಳತೊಡಗಿದರು. ಮಧ್ಯಾಹ್ನದವರೆಗೆ ತಡೆದ ಬೀಗರು ಕೊನೆಗೆ ಓಡಿ ಬಂದು ಅವನ ಎರಡೂ ಕೈ ಹಿಡಿದುಕೊಂಡರು.

"ಸಾಕು ಮಾಡ್ರಿ ಪುಣ್ಯಾತ್ಮರ! ನಿನ್ನೆ ಇಪ್ಪತ್ತು ಮಂದಿಗೆ ಗೊತ್ತಿತ್ತು. ಇವತ್ತು ತಾಲ್ಲೂಕಿಗೇ ಗೊತ್ತಾಗಾಕತ್ತೇತಿ!"

"ಸಂಬಂಧ?"

"ಮಾಡ್ತೀವ್ರೀ ಮಾರಾಯರ! ನನ್ನ ಮಗ ನಿನ್ನೆಲಿಂದ ಊಟ ಬಿಟ್ಟು ಕುಂತಾನ. ಆದ್ರ ಒಂದು ಕರಾರು. ಲಗ್ನದಾಗ ಆ ಬಾಟ್ಲಿ ಕಾಣಬಾರದು. ನೀವು ಯಾವ ಗಾಡಿನೂ ಮುಟ್ಟಬಾರದು."

ಮಾಮಾ ಮಲ್ಲಯ್ಯನ ಆಣೆ ಮಾಡಿದ. ಆ ಬಾಟಲಿಯಲ್ಲಿ ಒಮ್ಮೆ ಕುಳಿತ ದೇವರಲ್ಲವೇ!

ಲಗ್ನ ಸಿಂಧನೂರಿನ ಕಲ್ಯಾಣ ಮಂಟಪದಲ್ಲಿ ಆಯಿತು. ಬಿರುಬೇಸಿಗೆ. ಸೋದರಮಾವ ಕೈಹಿಡಿದು ಮಂಟಪಕ್ಕೆ ಕರೆತರಬೇಕಲ್ಲ, ಹಾಗಾಗಿ ಮಾಮಾನನ್ನು ದೂರ ಇಡುವಂತೆಯೂ ಇರಲಿಲ್ಲ. ಹೊಸ ರುಮಾಲು ಸುತ್ತಿ, ಕೈಯನ್ನು ಸಾಬೂನಿನಿಂದ ಮೂರು ಸಲ ತೊಳೆದುಕೊಂಡು ಬಂದಿದ್ದ. ಹೊರಗೆ ಒಂದೊಂದು ಗಾಡಿ ಬಂದು ನಿಂತಾಗಲೂ ಅವನ ಕಿವಿ ನಿಮಿರುತ್ತಿತ್ತು, ಕುತ್ತಿಗೆ ತಿರುಗುತ್ತಿತ್ತು, ಆಮೇಲೆ ನೆನಪಾಗಿ ಗೋಡೆ ನೋಡುತ್ತಿದ್ದ. ತುರ್ವಿಹಾಳದ ನೆಂಟನೊಬ್ಬ ಬೇಕೆಂದೇ ಹತ್ತಿರ ಬಂದು, "ಮಾಮಾ, ನನ್ನ ಗಾಡಿ ಮಸಿ ಉಗುಳಾಕತ್ತೇತಿ ನೋಡು" ಎಂದ. ಮಾಮಾ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, "ಎಣ್ಣಿ ಜಾಸ್ತಿ" ಎಂದು ಪಿಸುಗುಟ್ಟಿ ಆ ಕಡೆ ಹೋಗಿಬಿಟ್ಟ. ನನ್ನನ್ನು ಮಂಟಪಕ್ಕೆ ಕರೆತಂದಾಗ ಅವನ ಅಂಗೈ ಬೆವೆತಿತ್ತು. ಅಕ್ಷತೆ ಬಿತ್ತು. ಊಟವಾಯಿತು. ಕರಾರು ಮುರಿಯಲಿಲ್ಲ.

ನಾಲ್ಕು ಗಂಟೆಗೆ ನಮ್ಮನ್ನು ಲಿಂಗಸುಗೂರಿಗೆ ಒಯ್ಯಲು ಬೀಗರ ಹಳೆಯ ಪೆಟ್ರೋಲ್ ಜೀಪು ಬಂದು ನಿಂತಿತು. ಅದು ಅವರ ಪ್ರೀತಿಯ ಗಾಡಿ, ಅಂದು ಚೆಂಡುಹೂವಿನಲ್ಲಿ ಮುಳುಗಿತ್ತು. ಅವ್ವ ಅತ್ತಳು, ಅಪ್ಪ ರುಮಾಲಿನಿಂದ ಬೆವರು ಒರೆಸಿದಂತೆ ಮಾಡಿದರು. ಮಾಮಾ ಎಲ್ಲರಿಗಿಂತ ಹಿಂದೆ, ಕಂಬಕ್ಕೆ ಒರಗಿ, ಜೀಪಿನ ಕಡೆ ನೋಡದೆ ನಿಂತಿದ್ದ. ನಾನು ಮೆಟ್ಟಿಲ ಮೇಲೆ ಕಾಲಿಟ್ಟವಳು ಕಾಲು ಹಿಂದೆ ತೆಗೆದೆ.

"ನಾ ಹತ್ತಂಗಿಲ್ಲ" ಎಂದೆ.

ಎಲ್ಲರಿಗೂ ಗಾಬರಿ. ಅತ್ತೆ ಹತ್ತಿರ ಓಡಿ ಬಂದಳು. ನಾನು ನನ್ನ ಕೈಚೀಲ ತೆರೆದು, ಎರಡು ದಿನ ಮೊದಲೇ ಅವಳಿಂದ ಕೇಳಿ ಪಡೆದಿದ್ದ ಬಾಟಲಿಯನ್ನು ಹೊರಗೆ ತೆಗೆದೆ. ಬೀಗರ ಕಡೆ ನೋಡಿದೆ.

"ಮಾವನವರ, ನಮ್ಮ ಮಾಮಾ ನೋಡದ ಗಾಡಿ ನಾ ಒಂದು ದಿನಾನೂ ಹತ್ತಿಲ್ರೀ. ಇವತ್ತು ಹ್ಯಾಂಗ ಹತ್ತಲಿ?"

ಬೀಗರು ಬಾಟಲಿ ನೋಡಿದರು, ನನ್ನನ್ನು ನೋಡಿದರು, ಕಂಬಕ್ಕೆ ಒರಗಿದ ಮಾಮಾನನ್ನು ನೋಡಿದರು. ಅವರ ಕಿವಿ ಈ ಸಲ ಕೆಂಪಾಗಲಿಲ್ಲ. "ಬರ್ರಿ ಬೀಗರ" ಎಂದರು. "ಮೊದಲ ಬಾಟ್ಲಿ ಬೋರಲ ಹಾಕಿ ನೋಡ್ರಿ, ಯಾವ ದೇವರೂ ಇಲ್ಲಂತ ಖಾತ್ರಿ ಮಾಡ್ಕೋರಿ, ಆಮ್ಯಾಲ ನೋಡ್ರಿ!"

ಮಾಮಾ ಬಂದ. ಹೊಸ ರುಮಾಲು ಬಿಚ್ಚಿ ನನ್ನ ಗಂಡನ ಕೈಗೆ ಕೊಟ್ಟ. ಬಾಟಲಿಯನ್ನು ಬೋರಲು ಹಾಕಿ ಕೊಡವಿದ. ಜೀಪಿನ ಕೆಳಗೆ ಕೈಯಿಟ್ಟು ಪೈಪು ಸಡಿಲಿಸಿ ಪೆಟ್ರೋಲು ಬಸಿದ. ಎದ್ದು ನಿಂತು ಸೂರ್ಯನ ಕಡೆ ಹಿಡಿದ. ಒಂದು ಕಣ್ಣು ಮುಚ್ಚಿದ. ತೆಗೆದ. ಇನ್ನೊಂದು ಕಣ್ಣು ಮುಚ್ಚಿದ. ಅಲ್ಲಾಡಿಸಿದ. ಮತ್ತೆ ಹಿಡಿದ.

"ಬೆಳಕು ಸಾಲವಲ್ದು" ಎಂದ.

ಸಿಂಧನೂರಿನ ಬೇಸಿಗೆ, ಸಂಜೆ ನಾಲ್ಕು ಗಂಟೆ. ಬಿಸಿಲಿಗೆ ನೆಲ ಬೆಳ್ಳಗೆ ಉರಿಯುತ್ತಿತ್ತು. ಯಾರೂ ನಗಲಿಲ್ಲ.

"ನನಗ ಗೆರಿ ಕಾಣವಲ್ದು. ನೀನ ನೋಡವಾ" ಎಂದು ಬಾಟಲಿಯನ್ನು ನನಗೆ ಕೊಟ್ಟ. ನಾನು ನೋಡಿದೆ. ನನಗೂ ಏನೂ ಕಾಣಲಿಲ್ಲ, ಎಲ್ಲ ಮಸುಕು. ಬಾಟಲಿಯನ್ನು ಅವನ ಕೈಗೇ ಕೊಟ್ಟು, ಮೆಹಂದಿ ಹಚ್ಚಿದ ನನ್ನ ಕೈಯನ್ನು ಬೋರಲಾಗಿ ಮುಂದೆ ಚಾಚಿದೆ. ಅವನು ಬಗ್ಗಿ, ತಳದಿಂದ ಒಂದು ಹನಿ ತೆಗೆದು ಅದರ ಮೇಲೆ ಬಿಟ್ಟ. ಹನಿ ತಣ್ಣಗೆ ಮುಟ್ಟಿತು, ನೋಡುತ್ತಿದ್ದಂತೆ ಆರಿಹೋಯಿತು. ಅದರ ಪಕ್ಕದಲ್ಲೇ ಇನ್ನೊಂದು ಹನಿ ಬಿತ್ತು. ಅದು ಬೆಚ್ಚಗಿತ್ತು. ಅದು ಆರಲಿಲ್ಲ.

"ನೀರು ಐತಿ ಮಾಮಾ" ಎಂದೆ.

"ಅದು ಎಣ್ಣ್ಯಾಗಿಂದಲ್ಲ" ಎಂದ ಮಾಮಾ, ಮುಖ ಆ ಕಡೆ ತಿರುಗಿಸಿ. "ನೀ ಧೈರ್ಯಲೆ ಹೋಗು."